ಜಿತಾಡಾ ಬಿಚ್ಚಿಕೊಂಡು ಹೋದ ಕುಣಿಕೆ

ಘಾಟ್ಕೋಪರ್ ಪೂರ್ವ
2 ಜೂನ್ 2024

ಮಾನ್ಯ ಸಿದ್ದರಾಮಪ್ಪನವರಿಗೆ,

ಅಣ್ಣು ಬರೆಯುವುದು. ಮೇಲೆ ‘ಸಿದ್ದಣ್ಣ’ ಎಂದು ಬರೆದು ಹೊಡೆದು ಹಾಕಿದ್ದು ಕಂಡರೆ ಅದು ಕೈಯ ಅಭ್ಯಾಸ, ಮನಸ್ಸಿನದ್ದಲ್ಲ. ನಿಮ್ಮ ವಿಕ್ರೋಳಿಗೂ ನಮ್ಮ ಘಾಟ್ಕೋಪರಿಗೂ ಲೋಕಲಿನಲ್ಲಿ ಒಂದೇ ಸ್ಟೇಷನ್ನಿನ ದೂರ. ಆದರೂ ಅಂಚೆಗೆ ಹಾಕುತ್ತಿದ್ದೇನೆ. ಫೋನ್ ಮಾಡಿದರೆ ನೀವು ನಡುವೆ “ಇರ್ಲಿ ಬಿಡ್ರಿ” ಅನ್ನುತ್ತೀರಿ, ನನ್ನ ಬಿಪಿ ಏರುತ್ತದೆ. ಕಾಗದದ ನಡುವೆ ಬಾಯಿ ಹಾಕಲು ಯಾರಿಗೂ ಆಗುವುದಿಲ್ಲ. ಇದರ ನಕಲು ನಮ್ಮ ಗಾಳದ ಮಂಡಳಿಯ ಸೆಕ್ರೆಟರಿ ಗುರುಬಸವನಿಗೂ ಹೋಗಬಹುದು, ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಮೊದಲಿಂದ ಬರೆಯುತ್ತೇನೆ.

ಕಳೆದ ಭಾನುವಾರ ಉರಣ್ ಆಚೆಯ ಖಾಡಿಯಲ್ಲಿ, ಅಂದರೆ ಸಮುದ್ರದ ಹಿನ್ನೀರಿನಲ್ಲಿ, ಮಂಡಳಿಯ ಮೀನು ಹಿಡಿಯುವ ಪಂದ್ಯ. ಒಂದು ದೋಣಿಗೆ ಇಬ್ಬರ ಜೋಡಿ. ನಿಮ್ಮ ತಲೆಯಲ್ಲಿ ಕೂದಲಿದ್ದ ಕಾಲದಿಂದ ಆ ಜೋಡಿ ನೀವು, ನಾನು. ಹಿಂದಿನ ಸಂಜೆ ನಾನು ಮನೆಯಲ್ಲಿ ಕೂತು ಡಬ್ಬದಲ್ಲಿದ್ದ ಅಷ್ಟೂ ಪ್ಲಾಸ್ಟಿಕ್ ಮೀನುಗಳಿಗೆ, ಅಂದರೆ ಲ್ಯೂರುಗಳಿಗೆ, ದಪ್ಪ ನೈಲಾನ್ ದಾರದ ಒಂದೊಂದು ತುಂಡನ್ನು ಕುಣಿಕೆ ಹಾಕಿ ಕಟ್ಟಿಟ್ಟಿದ್ದೆ. ದೋಣಿಗೆ ಹೋದ ಮೇಲೆ ಕೊಂಡಿಗೆ ಸಿಕ್ಕಿಸಿದರೆ ಆಯಿತು. ನಾನು ಹೋಟೆಲಿನವನು, ಗಿರಾಕಿ ಬಂದು ಕೂತ ಮೇಲೆ ಸಾಸಿವೆ ಹುಡುಕುವ ಜಾತಿಯಲ್ಲ. ಬೆಳಿಗ್ಗೆ ದೋಣಿಯಲ್ಲಿ ಡಬ್ಬ ತೆಗೆದು ನೋಡುತ್ತೇನೆ, ಒಂದೊಂದು ಗಂಟೂ ಮಲ್ಲಿಗೆ ಮೊಗ್ಗಿನ ಹಾಗೆ ಕೂತಿದೆ. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಅಷ್ಟು ಚಂದದ ಗಂಟು ಬಂದದ್ದಿಲ್ಲ. ನಿಮಗೆ ತೋರಿಸಬೇಕೆಂದಿದ್ದೆ. ನೀವು ದೋಣಿಯವನ ಹತ್ತಿರ ಭರತ-ಇಳಿತದ ವಾದಕ್ಕೆ ಕೂತಿದ್ದಿರಿ.

ಆಮೇಲೆ ಜಿತಾಡಾ ಮೀನು ಬಂತು. ಎಂತಹ ಜಿತಾಡಾ! ಅದರ ಬಾಯಿ ನೋಡಿ ನನಗೆ ನಮ್ಮ ಹೋಟೆಲಿನ ಹಿಟ್ಟಿನ ಡ್ರಮ್ಮಿನ ನೆನಪಾಯಿತು. ದೋಣಿಯ ಪಕ್ಕದವರೆಗೆ ತಂದೆ. ಅದು ತಲೆ ಎತ್ತಿ ಒಮ್ಮೆ ಕೊಡವಿತು. ದಾರ ಸಡಿಲವಾಯಿತು. ಲ್ಯೂರ್ ಮೀನಿನ ಬಾಯಲ್ಲಿ, ಮೀನು ಖಾಡಿಯಲ್ಲಿ, ನಾನು ದೋಣಿಯಲ್ಲಿ.

ಇಷ್ಟರವರೆಗೆ ನಿಮ್ಮ ಮೇಲೆ ದೂರಿಲ್ಲ. ಮೀನು ಹೋಗುವುದು ಮೀನಿನ ಧರ್ಮ. ಆದರೆ ಅದಾದ ಮೇಲೆ ನೀವೇನು ಮಾಡಿದಿರಿ? ದಾರದ ತುದಿಯನ್ನು ಎಳೆದು, ಕನ್ನಡಕ ಏರಿಸಿ ನೋಡಿ, ಅಷ್ಟನ್ನು ಕತ್ತರಿಸಿ ಅಂಗಿಯ ಜೇಬಿಗೆ ಹಾಕಿಕೊಂಡಿರಿ. ಆಮೇಲೆ ನನ್ನ ಡಬ್ಬ ಎಳೆದು, ಕೀಚೈನಿನ ನೇಲ್‌ಕಟರ್ ತೆಗೆದು, ಮಿಕ್ಕ ಲ್ಯೂರುಗಳ ಗಂಟುಗಳನ್ನೆಲ್ಲ ಕಚಕ್ ಕಚಕ್ ಎಂದು ಕತ್ತರಿಸಿದಿರಿ. ಕೇಳಿದಿರಾ? ಕಾರಣ ಹೇಳಿದಿರಾ? ಇನ್ನೊಬ್ಬನ ಡಬ್ಬಕ್ಕೆ ಕೈ ಹಾಕುವುದು ಇನ್ನೊಬ್ಬನ ಗಲ್ಲಾಪೆಟ್ಟಿಗೆಗೆ ಕೈ ಹಾಕಿದ ಹಾಗೆ ಎಂಬುದು ಕಂಪನಿಯಲ್ಲಿ ಅಷ್ಟು ವರ್ಷ ಕ್ರೇನಿನ ಕೆಳಗೆ ಸರಪಳಿ ಬಿಗಿದ ನಿಮಗೆ ಯಾರೂ ಹೇಳಿಕೊಡಲಿಲ್ಲವೇ?

ದಡಕ್ಕೆ ಬಂದೆವು. ವಡಾಪಾವ್ ಹಂಚುತ್ತಿದ್ದರು. ಅಲ್ಲಿ, ಎಲ್ಲರ ಎದುರು, ನೀವು ಹೇಳಿದ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ: “ಗಂಟ ಜಾರೈತ್ರಿ. ಇನ್ನ ಮ್ಯಾಲೆ ಇವರ ಗಂಟ ನಂಬಾಕ ಬರಂಗಿಲ್ಲ.”

ನನ್ನ ಗಂಟನ್ನು! ನಿಮಗೆ ಕುಣಿಕೆ ಹಾಕಲು ಕಲಿಸಿದವನು ನಾನು. ನೀವೋ ಮೀನು ತಿನ್ನದವರು. ಹಿಡಿದು, ಮುದ್ದು ಮಾಡಿ, ನೀರಿಗೆ ಬಿಡುವವರು. ಆ ಜಿತಾಡಾ ಹೋದದ್ದರಿಂದ ನಿಮ್ಮ ತಟ್ಟೆಗೇನೂ ನಷ್ಟವಿಲ್ಲ. ನಷ್ಟ ನನ್ನ ಹೆಸರಿಗೆ. ನನ್ನ ಬೆರಳಿಗೆ ಏನಾಗಿದೆ? ಇವತ್ತಿಗೂ ಕುದಿಯುವ ಚಹಾದ ಗ್ಲಾಸನ್ನು ಬರಿಗೈಯಲ್ಲಿ ಎತ್ತಿ ಕೊಡುತ್ತೇನೆ, ವೇಟರುಗಳು ಬಾಯಿ ಬಿಟ್ಟು ನೋಡುತ್ತಾರೆ.

ನನಗೆ ಬೇಕಾದದ್ದು ಎರಡೇ. ಜೇಬಿಗೆ ಹಾಕಿಕೊಂಡ ಆ ತುದಿ ವಾಪಸ್ ಬರಬೇಕು. ಹಾಗೂ ಎಲ್ಲರೆದುರು ಹೇಳಿದ ಮಾತನ್ನು ಎಲ್ಲರೆದುರೇ ವಾಪಸ್ ತೆಗೆದುಕೊಳ್ಳಬೇಕು.

ಇತಿ,
ಅಣ್ಣು
(ನಿಮ್ಮ ಸ್ನೇಹಿತ ಎಂದು ಬರೆಯುವ ಜಾಗವನ್ನು ಸದ್ಯ ಖಾಲಿ ಬಿಟ್ಟಿದ್ದೇನೆ)


ವಿಕ್ರೋಳಿ
12 ಜೂನ್ 2024

ಅಣ್ಣು ಸಾವಕಾರ್ರಿಗೆ ಸಿದ್ದರಾಮಪ್ಪನ ನಮಸ್ಕಾರ.

ಕಾಗದ ಮುಟ್ಟಿತು. ಪೂರ್ತಿ ಓದೀನಿ. ನಡುವ ಬಾಯಿ ಹಾಕಿಲ್ಲ.

ತುದಿ ನನ್ನ ಹತ್ರ ಐತಿ. ಕೊಡಂಗಿಲ್ಲ. ಯಾಕ ಅಂತ ಕೇಳಬ್ಯಾಡ್ರಿ. ಅದು ಹಂದಿ ಬಾಲಧಂಗ ಸುರುಳಿ ಆಗೈತಿ. ಮೀನ ಕಡದಿದ್ರ ತುದಿ ಚೂಪ ಇರತಿತ್ತು, ಕಲ್ಲಿಗೆ ಉಜ್ಜಿದ್ರ ಎಳಿ ಎಳಿ ಎದ್ದಿರತಿತ್ತು. ಸುರುಳಿ ಆಗೈತಿ ಅಂದ್ರ ಗಂಟ ಜಾರೈತಿ. ಇಷ್ಟು ನೀವ ನನಗ ಕಲಿಸಿದ್ದು.

ಡಬ್ಬಿಗೆ ಕೈ ಹಾಕಿದ್ದು ತಪ್ಪು. ಆದ್ರ ಇನ್ನೊಮ್ಮೆ ಅಂಥಾ ಪ್ರಸಂಗ ಬಂದ್ರ ಇನ್ನೊಮ್ಮೆ ಹಾಕತೀನಿ.

ಮಳಿ ಚಾಲೂ ಆಗೈತಿ. ದೋಣಿ ಎಲ್ಲಾ ಮ್ಯಾಲೆ ಎಳದಾರ. ನಾಕ ತಿಂಗಳ ಸುಮ್ಮ ಇರೂಣು. ನಮ್ಮ ಮನಿಯಾಕಿ ಲಕ್ಷ್ಮವ್ವ ನಿಮ್ಮ ಮನಿಯವರಿಗೆ ನಮಸ್ಕಾರ ತಿಳಿಸ್ಯಾಳ. ವೈನಿಯವರು ಆರಾಮ ಅದಾರಿಲ್ಲೋ? ಅವರಿಗೆ ಈ ಜಗಳದ ಸುದ್ದಿ ಹೇಳಬ್ಯಾಡ್ರಿ.

ನಿಮ್ಮವ,
ಸಿದ್ದರಾಮಪ್ಪ


ಘಾಟ್ಕೋಪರ್ ಪೂರ್ವ
4 ಜುಲೈ 2024

ಸಿದ್ದರಾಮಪ್ಪನವರಿಗೆ,

‘ಇನ್ನೊಮ್ಮೆ ಹಾಕತೀನಿ’ ಎಂದು ಬರೆಯುವ ಧೈರ್ಯ ನಿಮಗೆ ಬಂದದ್ದೆಲ್ಲಿಂದ? ಈ ಸಾಲನ್ನು ನಮ್ಮ ಅಡುಗೆಯ ಚೆನ್ನಯನಿಗೆ ಓದಿ ಹೇಳಿದೆ. ಅವನು ಮೂವತ್ತು ವರ್ಷದಿಂದ ನನ್ನ ಬಾಯಿ ಕೇಳಿದವನು, ಅವನೇ “ಇದು ಜಾಸ್ತಿಯಾಯಿತು ಧಣಿ” ಅಂದ. ನೀವು ಹೇಳಿದ್ದಕ್ಕಲ್ಲ, ಹೇಳಬೇಕೆಂದು ನನಗೂ ಅನಿಸದಿದ್ದುದರಿಂದ, ನಿಮ್ಮ ವೈನಿ ವಿನೋದಿನಿಗೆ ಏನೂ ಹೇಳಿಲ್ಲ. ಅವಳಿಗೆ ನೀವೆಂದರೆ ದೇವರ ಸಮ. ಆ ಖಾತೆಯನ್ನು ಯಾಕೆ ಕೆಡಿಸಬೇಕು?

ಈಗ ಗಂಟಿನ ವಿಷಯ. ನಿಮ್ಮ ಆಕ್ಷೇಪದ ಬೇರು ನನಗೆ ಗೊತ್ತು. ನಿಮಗೆ ಮೊದಲಿಂದಲೂ ನನ್ನ ಕುಣಿಕೆ ಕಂಡರೆ ಆಗದು. ನೀವು ಕ್ರೇನಿನವರು. ಗಂಟು ಅಂದರೆ ಬಿಗಿದು ಕೂರಬೇಕು, ಒಂದು ಕೂದಲಿನಷ್ಟು ಜಾಗ ಬಿಟ್ಟರೂ ಕೆಳಗೆ ಯಾರೋ ಸಾಯುತ್ತಾರೆ ಎಂಬ ಹೆದರಿಕೆ. ಅದು ಕಬ್ಬಿಣಕ್ಕೆ ಸರಿ. ಲ್ಯೂರಿಗೆ ಅಲ್ಲ. ಲ್ಯೂರಿನ ಮೂಗಿಗೆ ಗಂಟನ್ನು ಬಿಗಿದು ಕೂರಿಸಿದರೆ ಅದು ಬಾಡಿಗೆ ಕೋಟು ಹಾಕಿದ ಮದುಮಗನ ಹಾಗೆ ಕತ್ತು ತಿರುಗಿಸದೆ ಬರುತ್ತದೆ. ಯಾವ ಮೀನು ಅದನ್ನು ನಂಬುತ್ತದೆ? ಕುಣಿಕೆ ಇದ್ದರೆ ತಾನೇ ತಾನಾಗಿ ಓಲಾಡುತ್ತದೆ. ತಿರುಗಣೆ ಇರುವ ಚಮಚ ಗಾಳಕ್ಕೆ ಬಿಗಿ ಗಂಟು ಹಾಕಿ, ನಾನೇ ಹಾಕುತ್ತೇನೆ. ಆದರೆ ಜಿತಾಡಾಕ್ಕೆ ಬಿಡುವ ಮರದ, ಪ್ಲಾಸ್ಟಿಕ್ಕಿನ ಮೀನಿಗೆ ಕುಣಿಕೆಯೇ ಬೇಕು.

ಅದರಲ್ಲೂ ಯಾವ ಕುಣಿಕೆ? ನಿಮಗೆ ಇಷ್ಟವಾದದ್ದು ಮೀನು ಎಳೆದಾಗ ತಾನಾಗಿ ಬಿಗಿಯುವ ಕುಣಿಕೆ. ನನಗೆ ಅದು ಬೇಡ. ಒಂದು ಮೀನು ಎಳೆದ ಮೇಲೆ ಅದು ಕುಣಿಕೆಯಾಗಿ ಉಳಿಯುವುದೇ ಇಲ್ಲ, ಪ್ರತಿ ಸಲ ಬೆರಳಿನಿಂದ ಬಿಡಿಸಿ ಕೂರಬೇಕು. ನನ್ನದು ಜಾರದ ಕುಣಿಕೆ. ಮೊದಲು ದಾರದಲ್ಲಿ ಒಂದು ಸಡಿಲ ಗಂಟು. ತುದಿಯನ್ನು ಲ್ಯೂರಿನ ಮೂಗಿನಲ್ಲಿ ತೂರಿಸಿ, ಬಂದ ದಾರಿಯಲ್ಲೇ ಆ ಸಡಿಲ ಗಂಟಿನೊಳಗೆ ವಾಪಸ್. ಆಮೇಲೆ ಮೇಲಿನ ದಾರಕ್ಕೆ ಸುತ್ತು. ದಾರ ದಪ್ಪವಿದ್ದರೆ ಸುತ್ತು ಕಡಿಮೆ, ತೆಳುವಾಗಿದ್ದರೆ ಜಾಸ್ತಿ. ಮತ್ತೆ ಅದೇ ಗಂಟಿನೊಳಗೆ, ಅದೇ ಬದಿಯಿಂದ. ಉಗುಳಿನಲ್ಲಿ ಒದ್ದೆ ಮಾಡಿ ನಿಧಾನಕ್ಕೆ ಎಳೆಯಬೇಕು. ಕಿರುಬೆರಳಿನ ಉಗುರಿನಷ್ಟು ಕುಣಿಕೆ ಉಳಿದರೆ ಆಯಿತು. ನಿದ್ದೆಗಣ್ಣಿನಲ್ಲೂ ಕಟ್ಟುತ್ತೇನೆ ಇದನ್ನು.

ಮೊನ್ನೆ ಹೋಟೆಲಿನಲ್ಲಿ ಪರೀಕ್ಷೆ ಮಾಡಿಯೇ ಬಿಟ್ಟೆ. ಅದೇ ದಾರದಲ್ಲಿ ಅದೇ ಕುಣಿಕೆ ಹಾಕಿ ಇಡ್ಲಿ ಹಿಟ್ಟಿನ ಬಕೆಟ್ಟನ್ನು ಕೊಕ್ಕೆಗೆ ನೇತು ಹಾಕಿದೆ. ಬಕೆಟ್ ಚೆನ್ನಯನ ಕಾಲ ಮೇಲೆ ಬಿತ್ತು. ಅದು ಬಕೆಟ್ಟಿನ ಹಿಡಿ ನುಣುಪಾಗಿದ್ದರಿಂದ. ಗಂಟಿಗೂ ಅದಕ್ಕೂ ಸಂಬಂಧವಿಲ್ಲ. ನಿಮಗೆ ಯಾರಾದರೂ ಬೇರೆ ರೀತಿ ಹೇಳುವ ಮೊದಲು ನಾನೇ ಹೇಳಿದ್ದೇನೆ.

ಇನ್ನು ಇಂದಿನ ಸುದ್ದಿ. ಅಕ್ಟೋಬರ್ ಹದಿಮೂರರ ಪಂದ್ಯದ ಜೋಡಿಗಳ ಪಟ್ಟಿಯನ್ನು ಗುರುಬಸವ ವಾಟ್ಸಾಪಿಗೆ ಹಾಕಿದ್ದಾನೆ. ನಿಮ್ಮ ಹೆಸರಿನ ಪಕ್ಕದಲ್ಲಿ ಶಿವಪುತ್ರ. ನನ್ನ ಹೆಸರಿನ ಪಕ್ಕದಲ್ಲಿ ಒಂದು ಗೆರೆ. ಗೆರೆ! ನಾನು ಒಂದು ಗೆರೆಯ ಜೊತೆ ಕೂತು ಗಾಳ ಹಾಕಬೇಕೇ? ಶಿವಪುತ್ರನಿಗೆ ಗಾಳ ಎಸೆಯಲು ಬರುವುದಿಲ್ಲ, ಹಿಂದೆ ಕೂತವರ ಟೊಪ್ಪಿ ಹಿಡಿಯುತ್ತಾನೆ. ಇದು ಗುರುಬಸವನ ತಲೆಯಿಂದ ಬಂದದ್ದೋ, ನೀವು ಕೇಳಿದ್ದೋ? ನೇರ ಉತ್ತರ ಬರಲಿ.

ಅಣ್ಣು


ವಿಕ್ರೋಳಿ
21 ಜುಲೈ 2024

ಅಣ್ಣು ಸಾವಕಾರ್ರಿಗೆ,

ನೇರ ಉತ್ತರ: ನಾನ ಕೇಳೀನಿ.

ಆ ದಿವಸ ಮೀನ ಹೋಗೋ ಮೊದ್ಲ, ನೀವು ಶಿವಪುತ್ರನ ಮಗಳ ಮದಿವಿ ಊಟದ ಕಥಿ ಹೇಳಕೋತ ಲ್ಯೂರ್ ಬದಲಿ ಮಾಡಾಕ ಹತ್ತಿದ್ರಿ. ಗಾಳ ನಿಮ್ಮ ಎಡಗೈ ಹೆಬ್ಬಟ್ಟಿನ್ಯಾಗ ನಟ್ಟಿತ್ತು. ರಕ್ತ ಮಣಿಕಟ್ಟಿನ ತನಕ ಇಳದಿತ್ತು. ನೀವು ಹೋಳಿಗಿ ಹೆಂಗ ಇತ್ತು ಅಂತ ಹೇಳಾಕ ಹತ್ತಿದ್ರಿ. ಆ ಗಾಳ ತಗದಾಂವ ನಾನು. ನಿಮಗ ಗೊತ್ತಾಗಲಿಲ್ಲ. ಅದಕ್ಕ ಜೋಡಿ ಬದಲಿ ಕೇಳೀನಿ.

ಇನ್ನ ನಿಮ್ಮ ಎರಡನೇ ಬೇಡಿಕಿ. ಮಾತು ವಾಪಸ್ ತಗೋರಿ ಅಂದಿದ್ರಿ. ತಗೊಂಡೀನಿ. ಇವತ್ತ ಮುಂಜಾನಿ ಮಂಡಳಿ ಗ್ರೂಪಿನ್ಯಾಗ ಬರದೀನಿ: ‘ಆ ಗಂಟ ಅಣ್ಣು ಅವರು ಕಟ್ಟಿದ್ದಲ್ಲ. ನಾನ ಕಟ್ಟಿದ್ದು. ಮೀನ ಹೋಗಿದ್ದು ನನ್ನ ತಪ್ಪಿಲೆ.’

ಈಗರೆ ಸಮಾಧಾನ ಆಗಲಿ.

ನಿಮ್ಮವ,
ಸಿದ್ದರಾಮಪ್ಪ


ಘಾಟ್ಕೋಪರ್ ಪೂರ್ವ
2 ಆಗಸ್ಟ್ 2024

ಸಿದ್ದರಾಮಪ್ಪನವರಿಗೆ,

ಸಮಾಧಾನವೇ? ಮೊದಲು ನನ್ನ ಗಂಟು ಕೆಟ್ಟದ್ದು ಎಂದಿರಿ. ಈಗ ನನ್ನ ಗಂಟು ನನ್ನದೇ ಅಲ್ಲ ಎಂದಿರಿ. ಮೊದಲನೆಯದು ಅವಮಾನ, ಎರಡನೆಯದನ್ನು ಏನೆಂದು ಕರೆಯಬೇಕು? ಮಂಡಳಿಯಲ್ಲಿ ಈಗ ಏನು ಮಾತಾಗಿದೆ ಗೊತ್ತೇ? ಸೇಠ್‌ಗೆ ವಯಸ್ಸಾಯಿತು, ಗಾಳ ಕಟ್ಟಿಕೊಡಲು ಸಿದ್ದರಾಮಪ್ಪನನ್ನು ಇಟ್ಟುಕೊಂಡಿದ್ದಾರೆ ಎಂದು. ಮಂಡಳಿಯ ಹಣಮಂತ ನಿನ್ನೆ ಹೋಟೆಲಿಗೆ ಬಂದವನು ಮಸಾಲೆದೋಸೆ ತಿಂದು ಕೈ ತೊಳೆದು, “ಶೂ ಲೇಸ್ ಯಾರ ಕಟ್ಟತಾರ್ರಿ ಸೇಠ್?” ಎಂದು ಕೇಳಿ ಹೋದ. ಅವನು ಕೇಳಿದ್ದಕ್ಕಿಂತ ಪಕ್ಕದ ಟೇಬಲಿನ ಗುಜರಾತಿಗಳೂ ನಕ್ಕದ್ದು ನನಗೆ ಹೆಚ್ಚು ಉರಿಯಿತು. ಅವರಿಗೆ ಕನ್ನಡವೇ ಬರುವುದಿಲ್ಲ.

ನಾನು ಕೇಳಿದ್ದು ನ್ಯಾಯ. ನೀವು ಕೊಟ್ಟದ್ದು ಭಿಕ್ಷೆ. ಸುಳ್ಳು ಭಿಕ್ಷೆ. ಆ ಸಂಜೆ ನೀವು ವಿಕ್ರೋಳಿಯಲ್ಲಿ ಇದ್ದಿರಿ, ಲ್ಯೂರುಗಳು ನನ್ನ ಮನೆಯಲ್ಲಿದ್ದವು. ಕಟ್ಟಿದವನು ನಾನು. ಚಂದ ಕಟ್ಟಿದವನು ನಾನು. ಜಾರಿದ್ದರೆ, ಜಾರಿದ್ದರೆ ಎನ್ನುತ್ತಿದ್ದೇನೆ, ಜಾರಿದ್ದೂ ನನ್ನದೇ. ನನ್ನ ನಷ್ಟವನ್ನು ನಿಮ್ಮ ಖಾತೆಗೆ ಬರೆದುಕೊಳ್ಳಲು ನಿಮಗೆ ಅಧಿಕಾರ ಕೊಟ್ಟವರು ಯಾರು? ಆ ಸುಳ್ಳನ್ನು ಗ್ರೂಪಿನಿಂದ ವಾಪಸ್ ತೆಗೆಯಿರಿ. ನಾನು ಗ್ರೂಪನ್ನು ನಿನ್ನೆಯೇ ಬಿಟ್ಟಿದ್ದೇನೆ, ಆದರೆ ತೆಗೆದಿರೋ ಇಲ್ಲವೋ ನನಗೆ ಗೊತ್ತಾಗುತ್ತದೆ.

ಹೆಬ್ಬೆರಳಿನ ವಿಷಯ. ಗಾಳ ನಟ್ಟದ್ದು ನನಗೆ ಗೊತ್ತಿತ್ತು. ಮಾತಿನ ಮಧ್ಯೆ ಇದ್ದೆ, ಹೇಳಲಿಲ್ಲ.

ನಿಮ್ಮ ಎರಡು ಗಾಳದ ಕೋಲುಗಳೂ ಡಬ್ಬವೂ ನನ್ನ ಹೋಟೆಲಿನಲ್ಲಿ ಗ್ರೈಂಡರಿನ ಹಿಂದೆ ಇವೆ. ‘ಶುದ್ಧ ಶಾಕಾಹಾರಿ’ ಬೋರ್ಡಿನ ಕೆಳಗೆ ನಿಮ್ಮ ಮೀನಿನ ಕೋಲನ್ನು ಇಷ್ಟು ವರ್ಷ ಕಾಪಾಡಿದ್ದು ಸ್ನೇಹಕ್ಕೆ. ಲಕ್ಷ್ಮವ್ವನವರು ಅವನ್ನು ಮನೆಯೊಳಗೆ ಬಿಡುವುದಿಲ್ಲ ಎಂಬುದು ನನಗೆ ಗೊತ್ತು. ಅದು ನಿಮ್ಮ ಕಷ್ಟ. ಬಂದು ತೆಗೆದುಕೊಂಡು ಹೋಗಿ.

ಅಣ್ಣು


ಘಾಟ್ಕೋಪರ್ ಪೂರ್ವ
12 ಸೆಪ್ಟೆಂಬರ್ 2024

ಸಿದ್ದಣ್ಣ,

ನೀವು ಉತ್ತರ ಬರೆಯಲಿಲ್ಲ. ಕೋಲನ್ನೂ ಒಯ್ಯಲಿಲ್ಲ. ಒಳ್ಳೆಯದೇ ಆಯಿತು.

ಚೌತಿಯ ಬೆಳಿಗ್ಗೆ ವಿನೋದಿನಿ ಅಡುಗೆಮನೆಯ ನೆಲದಲ್ಲಿ ಕೂತು ಗಣಪತಿಗೆ ಮಲ್ಲಿಗೆ ಕಟ್ಟುತ್ತಿದ್ದಳು. ಅವಳದು ಊರಿನ ಕ್ರಮ. ಇಲ್ಲಿ ಸ್ಟೇಷನ್ನಿನ ಹೊರಗೆ ಸಿಗುವ ದಾರದ ಹಾರ ಅವಳಿಗೆ ಆಗದು. ನಮ್ಮ ಕಟ್ಟಡದ ಹಿಂದಿನ ಬಾಳೆಗಿಡದ ನಾರು ತೆಗೆದು, ನೀರಿನಲ್ಲಿ ನೆನೆಸಿ, ಅದರಲ್ಲಿ ಕಟ್ಟುತ್ತಾಳೆ. ಎರಡು ಮೊಗ್ಗು ಆಚೆ, ಎರಡು ಮೊಗ್ಗು ಈಚೆ, ನಾರು ಒಂದು ಸುತ್ತು, ಹೆಬ್ಬೆರಳಿನ ಮೇಲಿಂದ ಒಂದು ಸಣ್ಣ ಬಳೆ ಮಾಡಿ ಒಳಗೆ ತೂರಿಸಿ ಎಳೆದರೆ ಆಯಿತು. ಮೂವತ್ತೈದು ವರ್ಷದಿಂದ ನನ್ನ ಎದುರಿಗೇ ಕಟ್ಟುತ್ತಿದ್ದಾಳೆ. ನಾನು ನೋಡಿದ್ದು ಅವತ್ತೇ ಮೊದಲು.

ಮಲ್ಲಿಗೆ ಮೊಗ್ಗಿನ ಹಾಗೆ ಕೂತಿತ್ತು ಎಂದು ನಾನೇ ನಿಮಗೆ ಬರೆದಿದ್ದೆನಲ್ಲ. ನನ್ನ ಲೆಕ್ಕದಲ್ಲಿ ಎಲ್ಲೋ ಒಂದು ಅಂಕೆ ಹೆಚ್ಚಿಗೆ ಬಂದಿದೆ ಎಂದು ಅವತ್ತೇ ಅನಿಸಬೇಕಿತ್ತು. ಹೊಗಳಿಕೆ ತನ್ನದೇ ಆದಾಗ ಮನುಷ್ಯ ಲೆಕ್ಕವನ್ನು ತಾಳೆ ನೋಡುವುದಿಲ್ಲ.

ಕೇಳಿದೆ. ನಾವು ಮನೆಯಲ್ಲಿ ತುಳುವಿನಲ್ಲಿ ಆಡಿದ್ದನ್ನು ನಿಮಗಾಗಿ ಕನ್ನಡ ಮಾಡುತ್ತೇನೆ.

“ನೀನು ನನ್ನ ಗಾಳದ ಡಬ್ಬ ಮುಟ್ಟಿದ್ದೆಯಾ, ಮೇ ತಿಂಗಳಲ್ಲಿ?”

ತಲೆ ಎತ್ತದೆ ಹೇಳಿದಳು, “ಮುಟ್ಟದೆ? ನೀವು ಕಟ್ಟಿಟ್ಟು ಮಲಗಿದಿರಿ. ಡಬ್ಬ ಎತ್ತಿಡುವಾಗ ಎರಡು ಮೀನು ಅಲ್ಲೇ ಕಳಚಿ ಬಿದ್ದವು. ನಿಮ್ಮ ಬೆರಳಿಗೆ ಈಗ ದಾರ ಗೊತ್ತಾಗುವುದಿಲ್ಲ. ಎಲ್ಲ ಬಿಚ್ಚಿ ನಾನೇ ಕಟ್ಟಿದೆ. ಮುಂದಿನ ಕುಣಿಕೆ ನಿಮ್ಮ ಹಾಗೆಯೇ, ಹಿಂದಿನ ಬಿಗಿ ನನ್ನದು. ನಿಮ್ಮ ಗಲ್ಲಾದ ದೇವರ ಫೋಟೋಕ್ಕೆ ನಾನು ಕಟ್ಟಿದ ಹಾರ ಒಂದಾದರೂ ಕಳಚಿದ್ದುಂಟಾ?”

ಕಳಚಿದ್ದಿಲ್ಲ. ಬಾಳೆನಾರು ಒಣಗಿದಂತೆ ಹೂವನ್ನು ಇನ್ನಷ್ಟು ಹಿಡಿಯುತ್ತದೆ. ನೈಲಾನ್ ಒಣಗುವುದೂ ಇಲ್ಲ, ಹಿಡಿಯುವುದೂ ಇಲ್ಲ. ನೀವು ದೋಣಿಯಲ್ಲಿ ಆ ತುದಿ ನೋಡಿದಿರಿ, ಡಬ್ಬದ ಮಿಕ್ಕ ಗಂಟುಗಳನ್ನು ನೋಡಿದಿರಿ, ಶುಕ್ರವಾರ ಶುಕ್ರವಾರ ನಮ್ಮ ಹೋಟೆಲಿನಲ್ಲಿ ಆ ಹಾರದ ಕೆಳಗೇ ಕೂತು ಚಹಾ ಕುಡಿಯುವವರು ನೀವು. ಅದಕ್ಕೇ ನೇಲ್‌ಕಟರ್.

ಆಮೇಲೆ ಅವಳು ಕೈ ನಿಲ್ಲಿಸಿದಳು. “ಯಾಕೆ ಕೇಳುತ್ತೀರಿ? ಆ ದೊಡ್ಡ ಮೀನು ತಪ್ಪಿದ್ದು ನನ್ನ ಗಂಟಿನಿಂದವಾ?”

ಸಿದ್ದಣ್ಣ, ನಾನು ಎಷ್ಟೋ ಹೆಲ್ತ್ ಇನ್‌ಸ್ಪೆಕ್ಟರುಗಳ ಮುಖ ನೋಡಿ ಮಾತಾಡಿದವನು. ಆ ವಿದ್ಯೆ ಅವತ್ತು ಮನೆಯಲ್ಲಿ ಉಪಯೋಗಕ್ಕೆ ಬಂತು.

“ನಿನ್ನದರಿಂದ ಅಲ್ಲ,” ಅಂದೆ. “ಆ ಒಂದನ್ನು ಮಾತ್ರ ದೋಣಿಯಲ್ಲಿ ಸಿದ್ದಣ್ಣ ಕಟ್ಟಿದ್ದು. ಗ್ರೂಪಿನಲ್ಲಿ ಅವರೇ ಬರೆದಿದ್ದಾರೆ, ಬೇಕಾದರೆ ನೋಡು.”

ಫೋನ್ ತೆಗೆಸಿ ಓದಿಸಿದಳು. ನಾನು ಗ್ರೂಪು ಬಿಟ್ಟರೂ ನೀವು ಬರೆದ ಸಾಲು ನನ್ನ ಫೋನಿನಲ್ಲಿ ಉಳಿದಿತ್ತು. ಓದಿ, “ಪಾಪ, ಅವರಿಗೆ ಬರುವುದಿಲ್ಲವಾ?” ಎಂದು ಮತ್ತೆ ಹೂವಿಗೆ ಕೈ ಹಾಕಿದಳು.

ಆಗಸ್ಟಿನಲ್ಲಿ ಆ ಸುಳ್ಳನ್ನು ವಾಪಸ್ ತೆಗೆಯಿರಿ ಎಂದು ಬರೆದಿದ್ದೆ. ತೆಗೆಯಬೇಡಿ. ಸಾಯುವವರೆಗೆ ತೆಗೆಯಬೇಡಿ.

ಆದರೆ ನನ್ನ ಸಿಟ್ಟು ಇಳಿಯಿತೆಂದು ತಿಳಿಯಬೇಡಿ. ಅದು ಈಗ ಎರಡರಷ್ಟಾಗಿದೆ. ಅನ್ಯಾಯ ಮಾಡಿದವರ ಮೇಲೆ ಸಿಟ್ಟು ಮಾಡುವುದು ಸುಲಭ. ನನ್ನ ಬೆನ್ನ ಹಿಂದೆ ಉಪಕಾರ ಮಾಡಿದವರನ್ನು ಏನು ಮಾಡಲಿ? ಒಬ್ಬಳು ಕೇಳದೆ ಕಟ್ಟುತ್ತಾಳೆ. ಒಬ್ಬ ಕೇಳದೆ ಕತ್ತರಿಸುತ್ತಾನೆ. ನಡುವೆ ನಾನು ಯಾರು? ಲ್ಯೂರಾ? ಒಬ್ಬರಾದರೂ, “ಅಣ್ಣು, ನಿನ್ನ ಬೆರಳು ಹೋಗಿದೆ” ಎಂದು ನನ್ನ ಮುಖಕ್ಕೆ ಹೇಳಿದ್ದರೆ ನಾನು ಒಂದು ವಾರ ಕೂಗಾಡುತ್ತಿದ್ದೆ, ಆಮೇಲೆ ಮುಗಿಯುತ್ತಿತ್ತು. ಈಗ ನಾಲ್ಕು ತಿಂಗಳು ಕೂಗಾಡಿದ್ದೇನೆ, ಅದೂ ಅಂಚೆಯಲ್ಲಿ.

ಡಾಕ್ಟರ ಹತ್ತಿರ ಹೋಗಿದ್ದೆ. ಕಣ್ಣು ಮುಚ್ಚಿಸಿ ಬೆರಳ ತುದಿಗೆ ಸೂಜಿ ತಾಗಿಸಿ, ಎಷ್ಟು ಸಲ ತಾಗಿತು ಎಂದು ಕೇಳಿದರು. ನಾನು ಹೇಳಿದ ಲೆಕ್ಕ ಕಡಿಮೆ ಬಂತು. ಸಕ್ಕರೆ ಕಾಯಿಲೆಯ ಕೆಲಸವಂತೆ. ಲೆಕ್ಕದಲ್ಲಿ ಇನ್ನೊಬ್ಬ ನನ್ನನ್ನು ತಿದ್ದಿದ್ದು ಇದೇ ಮೊದಲು, ಅದಕ್ಕೂ ನನಗೆ ಸಿಟ್ಟಿದೆ.

ಕೊನೆಯ ವಿಷಯ. ನಿಮಗೆ ಗಂಟು ಬರುವುದಿಲ್ಲವೆಂದು ವಿನೋದಿನಿಗೆ ಮರುಕ ಹುಟ್ಟಿದೆ. “ಒಂದು ಭಾನುವಾರ ಕರೆಯಿರಿ, ನಾನು ಹೇಳಿಕೊಡುತ್ತೇನೆ” ಎಂದಿದ್ದಾಳೆ. ಬರಬೇಕು. ಕಲಿಯಬೇಕು. ಬಾರದಿದ್ದರೆ ಅವಳಿಗೆ ಅನುಮಾನ ಬರುತ್ತದೆ.

ನಿಮ್ಮ,
ಅಣ್ಣು


ವಿಕ್ರೋಳಿ
20 ಸೆಪ್ಟೆಂಬರ್ 2024

ಅಣ್ಣು ಸಾವಕಾರ್ರ,

ಇಪ್ಪತ್ತೊಂಬತ್ತಕ್ಕ ಭಾನುವಾರ ಬರತೀನಿ. ಕಲೀತೀನಿ.

ವಡಾಪಾವ್ ತಿನ್ನೂಮುಂದ ಶಿವಪುತ್ರ “ತುದಿ ತೋರಸ್ರಿ” ಅಂತ ನನ್ನ ಜೇಬಿಗೆ ಕೈ ಚಾಚಿದ್ದ. ಅವನ ಹೇಂತಿ ದಾದರದಾಗ ಹೂ ಮಾರತಾಳ. ಅಂವ ಕಂಡಿದ್ರ ಹೂ ಕಟ್ಟೂ ಸುತ್ತು ಅಂತ ಗುರ್ತ ಹಿಡೀತಿದ್ದ. ಸೇಠ್ ಜಿತಾಡಾಕ್ಕ ಹಾರಾ ಹಾಕಾಕ ಹೋಗಿದ್ರು ಅಂತ ವೈನಿಯವರ ಹೆಸರ ಇಡೀ ಮಂಡಳಿ ಬಾಯಾಗ ಬರತಿತ್ತು. ಅದಕ್ಕ ಲಗೂನ ಏನರೆ ಒಂದು ಹೇಳಿ ಮುಗಿಸಬೇಕಿತ್ತು. ಬಾಯಿಗೆ ಬಂದಿದ್ದು ಆ ಮಾತು. ಅದು ನಿಮಗ ನಟ್ಟಿತು. ಬೆರಳಿಗೆ ನಟ್ಟಿದ್ದು ಗೊತ್ತಾಗದಿದ್ರೂ ಇದು ಗೊತ್ತಾತು ಅಂತ ನನಗ ಒಳಗ ಸಮಾಧಾನ ಆಗಿತ್ತು.

ನಿಮ್ಮ ಮುಖಕ್ಕ ಹೇಳಬೇಕಿತ್ತು ಅಂತೀರಿ. ಹೇಳತಿದ್ದೆ. ಆದ್ರ ನಡುವ ಬಾಯಿ ಹಾಕಾಕ ಜಾಗಾನ ಸಿಗಲಿಲ್ಲ.

ಗುರುಬಸವನಿಗೆ ಫೋನ್ ಮಾಡಿ ಶಿವಪುತ್ರನ ಹೆಸರ ತಗಸೀನಿ. ಗೆರಿ ಇದ್ದಲ್ಲಿ ನನ್ನ ಹೆಸರ ಬರಸೀನಿ. ಕರಾರ ಒಂದ ಐತಿ: ನೀರಿಗೆ ದಾರ ಒಗಿಯೂದು ನೀವು, ಗಾಳ ಮುಟ್ಟೂದು ನಾನು. ಕುಣಿಕಿ ನಿಮ್ಮದ ಇರಲಿ, ಜಾರಲಾರದ್ದು.

ನಿಮ್ಮವ,
ಸಿದ್ದರಾಮಪ್ಪ


ಘಾಟ್ಕೋಪರ್ ಪೂರ್ವ
1 ಅಕ್ಟೋಬರ್ 2024

ಸಿದ್ದಣ್ಣ,

ಕರಾರು ಒಪ್ಪಿದ್ದೇನೆ ಎಂದು ಮೊದಲು ಬರೆದುಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದೆಲ್ಲ ಬೈಗುಳ.

ಮೊನ್ನೆ ಭಾನುವಾರ ನಿಮಗೆ ಕೆಟ್ಟದಾಗಿ ಕಟ್ಟಿ ತೋರಿಸಿ ಎಂದು ಸನ್ನೆ ಮಾಡಿದ್ದು ನಿಜ. ಇಷ್ಟು ಕೆಟ್ಟದಾಗಿ ಎಂದು ಯಾರು ಹೇಳಿದರು? ಮೊದಲ ಗಂಟು ಸರಿ, ಅವಳು ಎಳೆದಳು, ಬಿಚ್ಚಿಕೊಂಡಿತು, ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಜಾರುವ ಗಂಟು ಕಟ್ಟಲು ನಿಮ್ಮ ಕೈ ಒಪ್ಪದೆ ತಾನಾಗಿ ಬಿಗಿಯ ಕಡೆಗೇ ಹೋಗುತ್ತಿದ್ದುದನ್ನು ನಾನು ನೋಡಿದೆ. ಹಣೆಯಲ್ಲಿ ಬೆವರಿತ್ತು ನಿಮಗೆ, ಫ್ಯಾನಿನ ಕೆಳಗೆ. ಎರಡನೆಯದನ್ನು ನೀವು ಎಷ್ಟು ತಪ್ಪಾಗಿ ಕಟ್ಟಿದಿರೆಂದರೆ ಅದು ಗಂಟೇ ಅಲ್ಲ, ಜಡೆ. ಮೂರನೆಯದರಲ್ಲಿ ನಿಮ್ಮ ಬೆರಳನ್ನೂ ಸೇರಿಸಿ ಕಟ್ಟಿದಿರಿ. ಕಂಪನಿಯವರು ನಿಮ್ಮ ಆ ಗಂಟನ್ನು ನೋಡಿದ್ದರೆ ಪೆನ್ಷನ್ ವಾಪಸ್ ಕೇಳುತ್ತಿದ್ದರು.

ವಿನೋದಿನಿ ನಿಮ್ಮೆದುರಿಗೆ “ಪರವಾಗಿಲ್ಲ ಅಣ್ಣ, ನಿಧಾನಕ್ಕೆ ಬರುತ್ತದೆ” ಅಂದಳು. ನೀವು ಮೆಟ್ಟಿಲಿಳಿದ ಮೇಲೆ ನನ್ನ ಕಡೆ ತಿರುಗಿದಳು. ಇಂತಹವರನ್ನು ನಂಬಿ ಇಷ್ಟು ವರ್ಷ ನೀರಿಗೆ ಹೋಗುತ್ತಿದ್ದಿರಲ್ಲ, ನಿಮಗೆ ಬುದ್ಧಿ ಇಲ್ಲವೇ ಎಂದು ಕೇಳಿದಳು. ಇವರು ಕ್ರೇನಿನ ಕೆಳಗೆ ಕೆಲಸ ಮಾಡಿ ಯಾರೂ ಸಾಯದೆ ಉಳಿದದ್ದು ಹೇಗೆ ಎಂದು ಕೇಳಿದಳು. ನಾನು ಮೆತ್ತಗೆ, ಲ್ಯೂರಿಗೆ ಜಾರದ ಕುಣಿಕೆ ಅಂತ ಬೇರೆ ಒಂದು ಉಂಟು, ಹಿಂದಿನ ಬಿಗಿಯನ್ನು ಸ್ವಲ್ಪ ಬೇರೆ ರೀತಿ ಎಂದು ಶುರು ಮಾಡಿದೆ. “ನೀವು ಸುಮ್ಮನಿರಿ, ನಿಮ್ಮದೂ ನೋಡಿದ್ದೇನೆ” ಅಂದಳು.

ಈಗ ಅವಳ ತೀರ್ಮಾನ ಏನೆಂದರೆ, ಹದಿಮೂರನೇ ತಾರೀಕಿಗೆ ನಮ್ಮಿಬ್ಬರ ಅಷ್ಟೂ ಲ್ಯೂರುಗಳನ್ನು ತಾನೇ ಕಟ್ಟಿ ಕೊಡುವುದು. ನಿನ್ನೆ ಸಂಜೆಯೇ ಶುರು ಮಾಡಿದ್ದಾಳೆ. ನಿಮ್ಮ ಡಬ್ಬವನ್ನೂ ಗ್ರೈಂಡರಿನ ಹಿಂದಿನಿಂದ ಹೊರಗೆ ತೆಗೆಸಿದ್ದಾಳೆ. ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದಾಳೆ, ಒಂದೊಂದು ಗಂಟೂ ಮೊಗ್ಗಿನ ಹಾಗೆ. ಎಷ್ಟು ಚಂದ ಇದೆಯೆಂದರೆ ನೋಡಲು ನನಗೆ ಆಗುವುದಿಲ್ಲ. ಇದೆಲ್ಲ ನಿಮ್ಮ ಜಡೆಯ ಫಲ. ಇನ್ನೊಮ್ಮೆ ನಾಟಕ ಆಡುವುದಾದರೆ ಮೊದಲು ನನ್ನ ಹತ್ತಿರ ಕಲಿಯಿರಿ.

ಹದಿಮೂರರ ಭಾನುವಾರ ಬೆಳಿಗ್ಗೆ ದೋಣಿ ದಡ ಬಿಟ್ಟ ಮೇಲೆ ನಾನು ಮುಂದಿನ ತುದಿಯಲ್ಲಿ ಕೂರುತ್ತೇನೆ. ನಿಮ್ಮ ಕಡೆ ತಿರುಗುವುದಿಲ್ಲ, ನೀರು ನೋಡುತ್ತಿರುತ್ತೇನೆ. ದೋಣಿಯವನ ಹತ್ತಿರ ಗಟ್ಟಿಯಾಗಿ ಮಾತಾಡುತ್ತಿರುತ್ತೇನೆ, ಕಚಕ್ ಕಚಕ್ ಕೇಳಿಸದ ಹಾಗೆ. ಕತ್ತರಿಸಿದ ಚೂರುಗಳನ್ನು ಖಾಡಿಗೆ ಎಸೆಯಬೇಡಿ, ನನ್ನ ಕೈಗೆ ಕೊಡಿ. ಅವು ನನ್ನ ಮನೆಯವು.

ನೇಲ್‌ಕಟರ್ ಮರೆತು ಬಂದೀರಿ, ಜೋಕೆ.

ನಿಮ್ಮ ಸ್ನೇಹಿತ,
ಅಣ್ಣು